ಕಿವಿ ಹಿಂಡುವ ವಿದ್ಯೆ

ನಮ್ಮ ನಾಡಿನಲ್ಲಿ ವಿದ್ಯೆಗೂ ಕಿವಿಗೂ ಇರುವ ನಂಟು ಬಹು ಹಳೆಯದು. ವೇದಕ್ಕೆ ಶ್ರುತಿಯೆಂದು ಹೆಸರು, ಎಂದರೆ ಕೇಳಿದ್ದು. ತಿಳಿದವರನ್ನು ಬಹುಶ್ರುತರೆಂದು ಹೊಗಳುವುದುಂಟು. ಎಂದರೆ ಬಹಳ ಕೇಳಿದವರು. ತಾನಾಗಿ ಕಿವಿಯೊಳಕ್ಕೆ ಇಳಿಯಲೊಲ್ಲದ ವಿದ್ಯೆಯನ್ನು ಕಿವಿ ಹಿಂಡಿಯಾದರೂ ಇಳಿಸುವುದು ಹಿಂದಿನ ಮಾಸ್ತರರ ಕ್ರಮವಾಗಿತ್ತು. 2009ರ ಶಿಕ್ಷಣ ಹಕ್ಕಿನ ಕಾಯಿದೆ ಬಂದ ಮೇಲೆ ಮಕ್ಕಳ ಕಿವಿಗೆ ಅಭಯ ಸಿಕ್ಕಿತು. ಆದರೂ ಹಿಂಡಿಸಿಕೊಳ್ಳುವುದಕ್ಕೆಂದೇ ಹುಟ್ಟಿದ ಒಂದು ಕಿವಿ ಲೋಕದಲ್ಲಿ ಇನ್ನೂ ಉಳಿದಿದೆ. ಅದು ರೇಡಿಯೋದ ಕಿವಿ. ಬಲಕ್ಕೆ ಹಿಂಡಿದರೆ ಕೂಗುತ್ತದೆ. ಎಡಕ್ಕೆ ಹಿಂಡಿದರೆ ಸುಮ್ಮನಾಗುತ್ತದೆ. ಇಷ್ಟು ವಿಧೇಯನಾದ ಶಿಷ್ಯನು ಯಾವ ಮಾಸ್ತರರಿಗೂ ಸಿಕ್ಕಿರಲಾರನು.

ಇದಕ್ಕೆ ವಾಲ್ಯೂಮ್ ಕಂಟ್ರೋಲ್ ಎಂದು ಎಲ್ಲರೂ ಬಲ್ಲ ಹೆಸರು. ಅಂಗಡಿಯಲ್ಲಿ 'ಪಾಟ್' ಎಂದರೆ ಸಾಕು. ಪೂರ್ಣ ನಾಮಧೇಯ ಪೊಟೆನ್ಶಿಯೋಮೀಟರ್. 1841ರಲ್ಲಿ ಜರ್ಮನಿಯ ಪೊಗೆನ್‌ಡಾರ್ಫ್ ಎಂಬ ವಿಜ್ಞಾನಿ ವಿದ್ಯುತ್ತಿನ ಒತ್ತಡವನ್ನು ಅಳೆಯಲು ಮಾಡಿದ ಸಾಧನದ ಹೆಸರು ಇದಕ್ಕೆ ಅಂಟಿಕೊಂಡಿದೆ. ಈಗ ಇದು ಏನನ್ನೂ ಅಳೆಯುವುದಿಲ್ಲ. ಗೌಡಿಕೆ ಹೋದರೂ ಗೌಡನೆಂಬ ಹೆಸರು ಉಳಿದ ಹಾಗೆ ಹೆಸರು ಮಾತ್ರ ಉಳಿದಿದೆ.

ಇತಿಹಾಸವನ್ನೂ ಕನ್ನಡ ಸಾಹಿತ್ಯವನ್ನೂ ಓದುವ ಬಿ.ಎ. ವಿದ್ಯಾರ್ಥಿಗೆ ಬೆಸುಗೆಯ ಕಡ್ಡಿಯ ಗೊಡವೆ ಏಕೆಂದು ವಾಚಕರು ಕೇಳಬಹುದು. ವಿಜ್ಞಾನ ವಿಭಾಗದ ಮಿತ್ರರು ಇದನ್ನು ಗಡಿ ಒತ್ತುವರಿಯೆಂದೂ ಭಾವಿಸಬಹುದು. ನನ್ನ ಸಮಾಧಾನವಿಷ್ಟೆ: ಓದು ಲಿಂಗಸುಗೂರಿನಲ್ಲಿ, ಮನೆ ಮಸ್ಕಿಯಲ್ಲಿ, ಸಾಮಾನಿನ ಅಂಗಡಿ ಸಿಂಧನೂರಿನಲ್ಲಿ. ಒಂದೇ ಹೆದ್ದಾರಿಯ ಮೇಲೆ ಮೂರು ಊರುಗಳನ್ನೂ ದೇವರು ಸಾಲಾಗಿ ಇಟ್ಟಿರುವಾಗ, ಒಂದು ಊರಿನ ವಿದ್ಯೆ ಮತ್ತೊಂದು ಊರಿನಲ್ಲಿ ಬಸ್ಸಿಳಿದು ಮಾತನಾಡಿಸಿದರೆ ತಪ್ಪೇನು?

ಆದರೆ ನಿಜವಾದ ಕಾರಣ ನಮ್ಮ ತಂದೆಯವರು. ಅವರು 22 ವರ್ಷ ಒಂದು ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡಿದವರು. ಚೀಲ ಹೊತ್ತ ಬೆನ್ನು ಇನ್ನೂ ನೆಟ್ಟಗಿದೆ. ಯಂತ್ರದ ಪಕ್ಕದಲ್ಲಿದ್ದ ಕಿವಿ ಮಾತ್ರ ಸೋತಿತು. ಕಿವಿ ಸೋಲುವುದನ್ನು ನಾನು ಬತ್ತಿ ಇಳಿಸಿದ ಕಂದೀಲಿನಂತೆ, ಎಲ್ಲವೂ ಸಮನಾಗಿ ಮಂಕಾಗುವುದೆಂದು ತಿಳಿದಿದ್ದೆ. ಅದು ಹಾಗಲ್ಲ. ನಮ್ಮ ಒಳಗಿವಿಯಲ್ಲಿ ಶಬ್ದವನ್ನು ಹಿಡಿಯುವ ಸೂಕ್ಷ್ಮವಾದ ರೋಮಕೋಶಗಳಿವೆ; ಒಂದೊಂದು ಕಿವಿಗೆ ಸುಮಾರು 15,000. ದೊಡ್ಡ ಸದ್ದಿನಲ್ಲಿ ವರ್ಷಗಟ್ಟಲೆ ನಿಂತರೆ ಇವು ಸಾಯುತ್ತವೆ. ಗದ್ದೆಯಲ್ಲಿ ಪೈರು ಒಣಗಿದರೆ ಮರುವರ್ಷ ನಾಟಿ ಮಾಡಬಹುದು; ಈ ಪೈರು ಮನುಷ್ಯನಲ್ಲಿ ಮತ್ತೆ ಹುಟ್ಟುವುದಿಲ್ಲ. ಮೊದಲು ಸಾಯುವುದು ಎತ್ತರದ ಸ್ವರವನ್ನು ಹಿಡಿಯುವ ಕೋಶಗಳು. ಆದ್ದರಿಂದ ಆ, ಓ ಎಂಬ ಸ್ವರಗಳು ಕೇಳುತ್ತವೆ; ಸಕಾರ, ತಕಾರ, ಕಕಾರಗಳು ಜಾರಿಹೋಗುತ್ತವೆ. ನಮ್ಮ ತಂದೆಯವರು ಇದನ್ನೆಲ್ಲ ಒಂದೇ ಮಾತಿನಲ್ಲಿ ಹೇಳಿದರು: "ಕೇಳತೈತಿ ತಮ್ಮಾ, ತಿಳಿವಲ್ದು."

ಕಣ್ಣು ಕಾಣದವನನ್ನು ಕಂಡರೆ ಜನ ಕೈ ಹಿಡಿದು ದಾಟಿಸುತ್ತಾರೆ. ಕಿವಿ ಕೇಳದವನನ್ನು ಕಂಡರೆ ನಗುತ್ತಾರೆ. ನಮ್ಮ ಭಾಷೆಯಲ್ಲಿ ಕಿವುಡನ ಮೇಲಿರುವ ಗಾದೆಗಳನ್ನು ಎಣಿಸಿದರೆ ಇದು ತಿಳಿದೀತು. ಹೀಗಾಗಿ ಕಿವಿ ಮಂದವಾದವರು ಒಂದು ಉಪಾಯ ಕಲಿಯುತ್ತಾರೆ. ಎಲ್ಲ ಮಾತಿಗೂ ತಲೆಯಾಡಿಸುವುದು. ನಾಲ್ವರು ನಕ್ಕಾಗ ತಾವೂ ನಗುವುದು. ಕಟ್ಟೆಯ ಮೇಲಿನ ಹರಟೆಗೆ ನಮ್ಮ ತಂದೆಯವರು ಮೊದಲು ದಿನಾಲು ಹೋಗುತ್ತಿದ್ದರು, ಆಮೇಲೆ ವಾರಕ್ಕೊಮ್ಮೆ, ಆಮೇಲೆ "ಕಾಲು ನೋವು" ಎಂದು ಮನೆಯಲ್ಲೇ ಕುಳಿತರು. ಸೋತದ್ದು ಕಿವಿ, ದೂರು ಹೊತ್ತದ್ದು ಕಾಲು. ಅವರನ್ನು ಕಿವಿಯ ಪರೀಕ್ಷೆಗೆ ಕರೆದೊಯ್ಯುವುದೂ ಯಂತ್ರ ಕೊಡಿಸುವುದೂ ನಮ್ಮ ಮನೆಯ ಮೊದಲ ಕೆಲಸವಾಯಿತು. ಆ ಸರದಿ ಬರುವವರೆಗೆ ಭಜನೆಯಾದರೂ ಬೆಳಗಿನ ವಚನಗಳಾದರೂ ಅವರಿಗೆ ಸಿಗಲೆಂದು ನಾನು ಧ್ವನಿವರ್ಧಕದ ಪೆಟ್ಟಿಗೆಯೊಂದನ್ನು ಕಟ್ಟಲು ಹೊರಟೆ.

ಮೊಬೈಲು ಫೋನಿನಲ್ಲಿಯೇ ದನಿ ಏರಿಸಬಹುದಲ್ಲ ಎಂದು ಕೇಳಿದವರುಂಟು. ಫೋನಿನ ದನಿ ಗಾಜಿನ ಮೇಲೆ ಬೆರಳು ಜಾರಿಸಿದರೆ ಏರುತ್ತದೆ. ಹಮಾಲಿಯ ಬೆರಳಿಗೆ ದಡ್ಡುಗಟ್ಟಿರುತ್ತದೆ; ಗಾಜು ಅದನ್ನು ಬೆರಳೆಂದೇ ಒಪ್ಪುವುದಿಲ್ಲ. ಪಕ್ಕದ ಗುಂಡಿಯನ್ನು ಒತ್ತಿದರೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಒಂದು ಮೆಟ್ಟಿಲು ಸಾಲದು, ಮುಂದಿನದು ಹೆಚ್ಚು. ಸೋತ ಕಿವಿಯ ಇನ್ನೊಂದು ಸಂಕಟವಿದು: ಸಣ್ಣ ದನಿ ಕೇಳುವುದಿಲ್ಲ, ದೊಡ್ಡ ದನಿಯನ್ನು ತಾಳುವುದಿಲ್ಲ. ನಡುವಿನ ಹಾದಿ ಕಿರಿದು. ಆ ಕಿರಿದಾದ ಹಾದಿಯಲ್ಲಿ ನಿಲ್ಲಬೇಕಾದರೆ ಕೈತುಂಬ ಹಿಡಿಯುವ, ಎಲ್ಲಿ ಬೇಕಾದರೂ ನಿಲ್ಲುವ ಒಂದು ತಿರುಗುಣಿ ಬೇಕು.

ಸಿಂಧನೂರಿನಿಂದ ಸಾಮಾನು ತಂದೆ. ಎಲ್‌ಎಂ 386 ಎಂಬ ಎಂಟು ಕಾಲಿನ ಚಿಪ್ಪು, 9 ವೋಲ್ಟಿನ ಬ್ಯಾಟರಿ, 8 ಓಮ್ ಸ್ಪೀಕರು, ನಾಲ್ಕಾರು ಕೆಪಾಸಿಟರು, ಒಂದು ಪಾಟು. ಚಿಪ್ಪು ಹುಣಸೆಬೀಜಕ್ಕಿಂತ ದೊಡ್ಡದಲ್ಲ. ಆದರೆ ತನ್ನ ಬಾಗಿಲಿಗೆ ಬಂದ ಸಣ್ಣ ವಿದ್ಯುತ್ತನ್ನು 20 ಪಟ್ಟು ಮಾಡಿ ಕಳಿಸುತ್ತದೆ. ಒಂದನೆಯ ಮತ್ತು ಎಂಟನೆಯ ಕಾಲುಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ 200 ಪಟ್ಟು. ನಮಗೆ 20 ಧಾರಾಳವಾಯಿತು. ಬೆಸುಗೆ ಹಾಕಲು ಕಲಿಸಿದವರು ಮಸ್ಕಿಯಲ್ಲಿ ರೇಡಿಯೋ ದುರಸ್ತಿ ಮಾಡುವ ಒಬ್ಬ ಹಿರಿಯರು. ಊರಿಗೆಲ್ಲ ಅವರು ಚಾಚಾ. "ಬೇಟಾ, ಪುಸ್ತಕದಾಗ ಇದ್ದದ್ದು ಕೈಯಾಗ ಬರಬೇಕಂದ್ರ ಬೆರಳು ಒಂದೀಟು ಬಿಸಿ ಆಗಬೇಕು" ಎಂದು ಅವರ ಮೊದಲನೆಯ ಉಪನ್ಯಾಸ. ಹಾಜರಿಯಿಲ್ಲದ ಆ ತರಗತಿಗೆ ನಾನು ಒಂದು ದಿನವೂ ತಪ್ಪಿಸಲಿಲ್ಲ.

ಪಾಟಿಗೆ ಮೂರು ಕಾಲು. ಇದರ ಮರ್ಮವನ್ನು ಸಿಂಧನೂರು ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮುನಿರಾಬಾದಿನಿಂದ ಹೊರಡುವ ತುಂಗಭದ್ರಾ ಎಡದಂಡೆ ಕಾಲುವೆಯನ್ನು ನೆನೆದರೆ ಸಾಕು. ಕಾಲುವೆಯ ತಲೆಯಲ್ಲಿ ನೀರಿನ ಜೋರು ಹೆಚ್ಚು. ಮುಂದೆ ಮುಂದೆ ಹೋದಂತೆ ಕಡಿಮೆ. ಕೊನೆಭಾಗದ ರೈತನಿಗೆ ಎಷ್ಟು ಉಳಿಯಿತೆಂಬುದು ನಮ್ಮ ಜಿಲ್ಲೆಯ ನಿತ್ಯದ ಸುದ್ದಿ. ಪಾಟಿನೊಳಗೆ ಕುದುರೆಲಾಳದ ಆಕಾರದ ಇದ್ದಿಲುಪಟ್ಟಿಯೊಂದಿದೆ, ಅದೇ ಕಾಲುವೆ. ಹೊರಗಿನ ಒಂದು ಕಾಲು ಕಾಲುವೆಯ ತಲೆ. ಫೋನಿನಿಂದ ಬರುವ ತಂತಿಯನ್ನು ಅಲ್ಲಿ ಬೆಸೆಯಬೇಕು. ಹೊರಗಿನ ಇನ್ನೊಂದು ಕಾಲು ಕೊನೆಭಾಗ. ಅದನ್ನು ಭೂತಂತಿಗೆ, ಎಂದರೆ ಬ್ಯಾಟರಿಯ ಋಣ ತುದಿಗೆ, ಸೇರಿಸಬೇಕು. ನಡುವಿನ ಕಾಲು ಪಟ್ಟಿಯ ಮೇಲೆ ಹರಿದಾಡುವ ತೂಬು. ತಿರುಗುಣಿ ತಿರುಗಿದಂತೆ ಈ ತೂಬು ತಲೆಯ ಕಡೆಗೋ ಕೊನೆಯ ಕಡೆಗೋ ಸರಿಯುತ್ತದೆ. ತಾನು ನಿಂತ ಕಡೆ ಎಷ್ಟು ಜೋರಿದೆಯೋ ಅಷ್ಟನ್ನು ಚಿಪ್ಪಿನ ಮೂರನೆಯ ಕಾಲಿಗೆ ಕಳಿಸುತ್ತದೆ. ಹೊರಗಿನ ಎರಡು ಕಾಲುಗಳು ಅದಲುಬದಲಾದರೆ ಕೆಡುವುದೇನೂ ಇಲ್ಲ. ಬಲಕ್ಕೆ ತಿರುಗಿಸಿದರೆ ದನಿ ಇಳಿಯುತ್ತದೆ, ಅಷ್ಟೆ. ಕೊನೆಭಾಗವನ್ನು ಭೂತಂತಿಗೆ ಸೇರಿಸದೆ ಬಿಟ್ಟರೆ ಮಾತ್ರ ದನಿ ಪೂರ್ತಿ ಆರುವುದಿಲ್ಲ. ಬಾಗಿಲು ಮುಚ್ಚಿದರೂ ಸಂದಿನಿಂದ ಬರುವ ಮಾತಿನಂತೆ ಗುಣುಗುಡುತ್ತಿರುತ್ತದೆ.

ಫೋನಿನ ಸಂಗೀತ ಎಡ ಬಲವೆಂದು ಎರಡು ತಂತಿಗಳಲ್ಲಿ ಬರುತ್ತದೆ. ನಮ್ಮ ಪೆಟ್ಟಿಗೆಗೆ ಒಂದೇ ಬಾಯಿ. ಎರಡನ್ನೂ ನೇರವಾಗಿ ಸೇರಿಸಿದರೆ ಒಂದರ ಮೇಲೊಂದು ಹೇರಿಕೊಂಡು ಜಗ್ಗಾಡುತ್ತವೆ. ಒಂದೊಂದಕ್ಕೂ ಒಂದು ಕಿಲೋ ಓಮಿನ ರೋಧಕವನ್ನು ನಡುವೆ ಇಟ್ಟು ಸೇರಿಸಿದರೆ ಒಪ್ಪಂದವಾಗುತ್ತದೆ. ದಾಯಾದಿಗಳನ್ನು ಒಂದೇ ಪಡಸಾಲೆಗೆ ಕರೆಯುವಾಗ ನಡುವೆ ಹಿರಿಯರೊಬ್ಬರು ಕುಳಿತುಕೊಳ್ಳುವುದಿಲ್ಲವೇ? ಹಾಗೆ.

ಇನ್ನು ಪಾಟನ್ನು ಎಲ್ಲಿಡಬೇಕೆಂಬ ಪ್ರಶ್ನೆ. ದನಿ ಹೆಚ್ಚಾದ ಮೇಲೆ ತಡೆಯುವುದೋ, ಹೆಚ್ಚಾಗುವ ಮೊದಲೇ ಅಳತೆ ಮಾಡುವುದೋ? ಸ್ಪೀಕರಿನ ದಾರಿಯಲ್ಲಿ ಹರಿಯುವ ವಿದ್ಯುತ್ತು ಈ ಸಣ್ಣ ಪಾಟಿಗೆ ಭಾರ. ಅಲ್ಲಿಟ್ಟರೆ ಪಟ್ಟಿ ಬಿಸಿಯೇರಿ ಸುಡುತ್ತದೆ. ಚಿಪ್ಪಿನ ಹಿಂದೆ ಇಡಲು ಬೇರೆ ಕಾರಣವೂ ಇದೆ. ಫೋನು ಅರ್ಧ ವೋಲ್ಟ್ ಕೊಡುತ್ತದೆ ಎಂದಿಟ್ಟುಕೊಳ್ಳೋಣ. 20 ಪಟ್ಟು ಎಂದರೆ 10 ವೋಲ್ಟ್. 9 ವೋಲ್ಟಿನ ಬ್ಯಾಟರಿಯ ಮನೆಯಲ್ಲಿ 10 ವೋಲ್ಟ್ ಎಲ್ಲಿಂದ ಬರಬೇಕು? ಅಲೆಯ ತಲೆಯೂ ಬುಡವೂ ಮಾಡಿಗೆ ತಾಗಿ ಚಪ್ಪಟೆಯಾಗುತ್ತವೆ. ಹಾಡು ಹರಿದ ತಮಟೆಯಂತೆ ಕರಕರ ಎನ್ನುತ್ತದೆ. ಹೀಗೆ ಒಮ್ಮೆ ಕೆಟ್ಟ ದನಿಯನ್ನು ಮುಂದೆ ಎಷ್ಟು ತಗ್ಗಿಸಿದರೂ ಅದು ಕೆಟ್ಟ ದನಿಯೇ. ಮೊದಲೇ ಅಳತೆಯಲ್ಲಿ ಕೊಟ್ಟರೆ ಮಾತ್ರ ಸ್ವಚ್ಛ. ಆಡುವ ಮೊದಲು ತೂಗಿ ಆಡು ಎಂದು ಹಿರಿಯರು ಹೇಳಿದ್ದಕ್ಕೆ ಇದಕ್ಕಿಂತ ಒಳ್ಳೆಯ ಭಾಷ್ಯವನ್ನು ನಾನು ಯಾವ ಪುಸ್ತಕದಲ್ಲಿಯೂ ಕಂಡಿಲ್ಲ.

ಈ ವಿದ್ಯೆಯಲ್ಲಿ ಅತ್ಯಂತ ಸೊಗಸಾದ ಭಾಗವೆಂದರೆ ಪಾಟಿನ ಬೆನ್ನ ಮೇಲಿನ ಒಂದು ಅಕ್ಷರ. 'ಎ 10 ಕೆ' ಎಂದೋ 'ಬಿ 10 ಕೆ' ಎಂದೋ ಅಚ್ಚಾಗಿರುತ್ತದೆ. ಎರಡೂ 10 ಕಿಲೋ ಓಮ್. ಬೆಲೆಯೂ ಒಂದೇ, ರೂಪವೂ ಒಂದೇ. ನಮ್ಮ ಪದವಿಯಲ್ಲಿ ಎರಡಕ್ಷರಗಳೂ ಸೇರಿವೆಯಾದರೂ ಪಾಟಿನಲ್ಲಿ ಒಂದನ್ನೇ ಆರಿಸಬೇಕು. 'ಬಿ' ಎಂದರೆ ಸಮಹಂಚಿಕೆ. ಅರ್ಧ ತಿರುಗಿಸಿದರೆ ಅರ್ಧ ವೋಲ್ಟೇಜು. ನ್ಯಾಯವಾಗಿ ಇದೇ ಸರಿಯೆಂದು ತೋರುತ್ತದೆ. ಆದರೆ ಕಿವಿಯ ನ್ಯಾಯ ಬೇರೆ. ದನಿಯ ಶಕ್ತಿಯನ್ನು 10 ಪಟ್ಟು ಮಾಡಿದರೆ ಕಿವಿಗೆ ಅದು ಸುಮಾರು ಎರಡು ಪಟ್ಟಾದಂತೆ ಮಾತ್ರ ತೋರುತ್ತದೆ. ನೂರು ರೂಪಾಯಿ ಕೂಲಿಯವನಿಗೆ ಹತ್ತು ರೂಪಾಯಿ ಹೆಚ್ಚಾದರೆ ಹಬ್ಬ. ಸಾವಿರ ರೂಪಾಯಿಯವನಿಗೆ ಅದೇ ಹತ್ತು ಲೆಕ್ಕಕ್ಕಿಲ್ಲ. ಇಂದ್ರಿಯಗಳ ಲೆಕ್ಕವೆಲ್ಲ ಹೀಗೆ ಎಂದು ಜರ್ಮನಿಯ ಫೆಕ್ನರ್ 1860ರ ತನ್ನ ಗ್ರಂಥದಲ್ಲಿ ಸೂತ್ರ ಕಟ್ಟಿದನು. ಕೇಳಿಯೂ ಕೇಳದಂಥ ಪಿಸುಮಾತಿನಿಂದ ಕಿವಿ ನೋಯಿಸುವ ಸದ್ದಿನವರೆಗೆ ಶಕ್ತಿಯ ಅಂತರ ಸುಮಾರು ಒಂದು ಲಕ್ಷ ಕೋಟಿ ಪಟ್ಟು. ಇಷ್ಟು ದೊಡ್ಡ ಅಂತರವನ್ನು ಸಣ್ಣ ಕಿವಿಯಲ್ಲಿ ಹಿಡಿಸಬೇಕಾದರೆ ಸೃಷ್ಟಿಕರ್ತನು ಇಂಥ ಲೆಕ್ಕವನ್ನೇ ಹೂಡಬೇಕು. ಇದನ್ನು ಅಳೆಯುವ ಡೆಸಿಬೆಲ್ ಎಂಬ ಮಾನ ಟೆಲಿಫೋನಿನ ಗ್ರಹಾಂ ಬೆಲ್ಲನ ಹೆಸರಿನಿಂದ ಬಂದದ್ದು. ಬೆಲ್ಲನ ತಾಯಿಗೂ ಹೆಂಡತಿಗೂ ಕಿವಿ ಕೇಳುತ್ತಿರಲಿಲ್ಲ; ಅವನು ಕಿವುಡ ಮಕ್ಕಳ ಉಪಾಧ್ಯಾಯನಾಗಿದ್ದವನು. ಲೋಕಕ್ಕೆ ದೂರದ ಮಾತನ್ನು ಕೇಳಿಸಿದವನ ಮನೆಯಲ್ಲಿಯೇ ಕೇಳದವರಿದ್ದರೆಂಬುದು ನನಗೆ ಆಗಾಗ ನೆನಪಾಗುತ್ತದೆ.

ಆದಕಾರಣ ದನಿಗೆ 'ಎ' ಪಾಟೇ ಬೇಕು. ಅದರ ಪಟ್ಟಿ ಕಿವಿಯ ಲೆಕ್ಕಕ್ಕೆ ಹೊಂದುವಂತೆ ಮಾಡಿದ್ದು. ಅರ್ಧ ತಿರುಗಿಸಿದಾಗ ಹತ್ತನೆಯ ಒಂದು ಪಾಲೋ ಅದಕ್ಕಿಂತ ಸ್ವಲ್ಪ ಹೆಚ್ಚೋ ವೋಲ್ಟೇಜನ್ನು ಕೊಡುತ್ತದೆ. 'ಬಿ' ಹಾಕಿದರೆ ದನಿ ಆರಂಭದಲ್ಲಿಯೇ ಧುಮುಕಿ ಏರಿ, ಮುಂದೆ ಎಷ್ಟು ತಿರುಗಿಸಿದರೂ ಏರಿದಂತೆ ಕಾಣುವುದಿಲ್ಲ. ಕಿರಿದಾದ ಹಾದಿಯ ಕಿವಿಗೆ ಅದು ಸಲ್ಲದು. ಅಕ್ಷರವನ್ನು ಕಣ್ಣುಮುಚ್ಚಿ ನಂಬಲೂಬಾರದು. ಕೆಲವು ತಯಾರಕರಲ್ಲಿ ಅದರ ಅರ್ಥ ಬೇರೆ. ತಿರುಗುಣಿಯನ್ನು ನಡುವಿಗೆ ನಿಲ್ಲಿಸಿ, ನಡುಗಾಲಿನಿಂದ ಎರಡೂ ಕಡೆಗೆ ಮೀಟರಿನಿಂದ ಅಳೆದು ನೋಡಬೇಕು. ಎರಡೂ ಐದೈದು ಕಿಲೋ ಓಮ್ ಬಂದರೆ ಸಮಹಂಚಿಕೆಯದು. ಒಂದು ಕಡೆ ಒಂದೂವರೆಯೊಳಗೆ, ಇನ್ನೊಂದು ಕಡೆ ಉಳಿದದ್ದೆಲ್ಲ ಬಂದರೆ ಕಿವಿಯ ಲೆಕ್ಕದ್ದು.

ಉಳಿದದ್ದು ಶಿಸ್ತಿನ ಮಾತು. ಫೋನಿನಿಂದ ಪಾಟಿಗೆ, ಪಾಟಿನಿಂದ ಚಿಪ್ಪಿಗೆ ಹೋಗುವ ತಂತಿ ಗಿಡ್ಡವಾಗಿರಬೇಕು; ಮೇಲೆ ಲೋಹದ ಹೆಣಿಗೆಯ ಕವಚವಿರುವ ತಂತಿಯಾದರೆ ಲೇಸು. ಇಲ್ಲವಾದರೆ ಮನೆಯ ಕರೆಂಟಿನ 50 ಸ್ಪಂದನದ ಗುಂಯ್ ಎಂಬ ಸದ್ದು ಒಳಗೆ ಹೊಕ್ಕು 20 ಪಟ್ಟಾಗುತ್ತದೆ. ಪಾಟಿನ ಲೋಹದ ಮೈಯನ್ನೂ ಭೂತಂತಿಗೆ ಸೇರಿಸಬೇಕು. ಚಾಚಾ ಹೇಳುವಂತೆ, "ದೊಡ್ಡದು ಮಾಡೋ ಮಷೀನಿಗೆ ಒಳ್ಳೇದು ಕೆಟ್ಟದ್ದು ಗೊತ್ತಿಲ್ಲ ಬೇಟಾ. ಕೊಟ್ಟದ್ದೆಲ್ಲ ದೊಡ್ಡದು ಮಾಡ್ತೈತಿ."

ಪೆಟ್ಟಿಗೆ ಸಿದ್ಧವಾದ ಮೇಲೆ ತಿರುಗುಣಿಯನ್ನು ತಂದೆಯವರ ಕೈಗೇ ಕೊಟ್ಟೆ. ಅಲ್ಲಿಯವರೆಗೆ ಅವರಿಗೆ ಎಷ್ಟು ಕೇಳಬೇಕೆಂಬುದನ್ನು ನಾವೆಲ್ಲ ನಿರ್ಣಯಿಸುತ್ತಿದ್ದೆವು. ನಾವು ಕೂಗುತ್ತಿದ್ದೆವು, ಅವರು ಬೆದರುತ್ತಿದ್ದರು. ಈಗ ಅವರು ಭತ್ತದ ತೇವ ನೋಡುವವರಂತೆ ಎರಡು ಬೆರಳಿನಲ್ಲಿ ತಿರುಗುಣಿಯನ್ನು ಹಿಡಿದು, ತುಸು ಏರಿಸಿ, ತುಸು ಇಳಿಸಿ, ಒಂದೆಡೆ ನಿಲ್ಲಿಸಿದರು. ಆ ಸ್ಥಾನ ನಾನು ಊಹಿಸಿದ್ದಕ್ಕಿಂತ ಕೆಳಗಿತ್ತು. ಸ್ಪೀಕರು ಮೊಣಕೈ ದೂರದಲ್ಲಿ, ಎದುರಿಗೇ ಇದ್ದರೆ ಬಹಳ ಜೋರು ಬೇಕಾಗಿರಲಿಲ್ಲ. ಕಳೆದುಹೋದ ಸಕಾರ ತಕಾರಗಳನ್ನು ಪೆಟ್ಟಿಗೆ ಮರಳಿ ತರಲಾರದು. ಆದರೆ ತಿಳಿದ ಭಜನೆಯಲ್ಲಿ ಅವನ್ನು ಮನಸ್ಸೇ ತುಂಬಿಕೊಳ್ಳುತ್ತದೆ.

ಭಜನೆ ಮುಗಿದ ಮೇಲೆ ಅವರು ಕೇಳಿದ್ದು ಬೇರೆ: "ನೀ ಏನ್ ಓದ್ತೀಯೋ, ಅದನ್ನೂ ಒಂದೀಟು ಹಚ್ಚು." ಪರೀಕ್ಷೆಗೆಂದು ಇತಿಹಾಸದ ಟಿಪ್ಪಣಿಗಳನ್ನು ನನ್ನ ದನಿಯಲ್ಲಿಯೇ ನಿಧಾನವಾಗಿ ಓದಿ ಫೋನಿನಲ್ಲಿ ತುಂಬಿಕೊಂಡಿದ್ದೆ. ಅಂದು ಹಚ್ಚಿದ ಪಾಠ ನಮ್ಮೂರಿನದೇ. ಮಸ್ಕಿಯ ದುರ್ಗದ ಗುಡ್ಡದ ಬಂಡೆಯ ಬರಹವನ್ನು 1915ರಲ್ಲಿ ಚಿನ್ನದ ಗಣಿಗಳ ಇಂಜಿನಿಯರ್ ಬೀಡನ್ ಎಂಬವರು ಕಂಡರು. ಅದುವರೆಗೆ ಸಿಕ್ಕಿದ್ದ ಶಾಸನಗಳಲ್ಲಿ ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದುಗಳು ಮಾತ್ರ ಇದ್ದವು. ಅಶೋಕನೆಂಬ ಹೆಸರನ್ನು ಮೊದಲು ತೋರಿಸಿದ್ದು ನಮ್ಮ ಬಂಡೆ. ಇದು ನಾವೆಲ್ಲ ಪರೀಕ್ಷೆಯಲ್ಲಿ ಬರೆಯುವ ಉತ್ತರ. ಅದರ ಮುಂದಿನ ಮಾತನ್ನು ತಂದೆಯವರು ಎರಡು ಸಲ ಹಚ್ಚಿಸಿದರು. ಧರ್ಮದಿಂದ ದೊರೆಯುವ ಮೇಲ್ಮೆ ದೊಡ್ಡವರಿಗೆ ಮಾತ್ರವೆಂದು ತಿಳಿಯಬಾರದು, ಸಣ್ಣವನಿಗೂ ಅದು ಸಾಧ್ಯ. ಇದನ್ನು ಸಣ್ಣವರಿಗೂ ದೊಡ್ಡವರಿಗೂ ಹೇಳಬೇಕು ಎಂಬುದು ಆ ಶಾಸನದ ತಾತ್ಪರ್ಯ. ಗುಡ್ಡದ ಬುಡದಲ್ಲಿಯೇ ಬೆಳೆದವರಿಗೆ ಗುಡ್ಡದ ಮಾತು ತಲುಪಲು ಇಪ್ಪತ್ತೆರಡು ಶತಮಾನಗಳಿಗಿಂತ ಹೆಚ್ಚು ಹಿಡಿಯಿತು. "ನಮಗs ಹೇಳ್ಯಾನ ಹಂಗಾರ" ಎಂದರು. ಅವರು ತಲೆಯಾಡಿಸಿದ್ದು ಅಂದು ಕೇಳಿ ತಿಳಿದು.

ಅದೇ ಅಶೋಕನು ತನ್ನ ನಾಲ್ಕನೆಯ ಶಿಲಾಶಾಸನದಲ್ಲಿ, ಯುದ್ಧಭೇರಿಯ ಘೋಷ ಧರ್ಮದ ಘೋಷವಾಯಿತೆಂದು ಬರೆಸಿದ್ದಾನೆ. ನಮ್ಮ ಬೀದಿಗಳಲ್ಲಿ ಭೇರಿಯ ಕಾಲ ಇನ್ನೂ ಮುಗಿದಿಲ್ಲ. ಮದುವೆಯೆಂದರೂ ಮೆರವಣಿಗೆಯೆಂದರೂ ಆಳೆತ್ತರದ ಪೆಟ್ಟಿಗೆಗಳು ಟ್ರ್ಯಾಕ್ಟರಿನ ಮೇಲೆ ಬರುತ್ತವೆ. ಗೂಡಿನ ಮೇಲಿನ ಪಾತ್ರೆ ನಡುಗುತ್ತದೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ; ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ನಿಯಮವನ್ನು ಬಲ್ಲವರು ಕಡಿಮೆ. ಬಲ್ಲವರು ಹೇಳಿದರೆ ಆ ಗದ್ದಲದಲ್ಲಿ ಕೇಳಿಸುವುದಿಲ್ಲ. ಆ ಪೆಟ್ಟಿಗೆಗಳಿಗೂ ನಮ್ಮ ಪಾಟಿನಂಥದೇ ಮೂರು ಕಾಲಿನ ತಿರುಗುಣಿ ಉಂಟು. ಆದರೆ ಅದು ಇರುವುದು ಕೇಳುವವರ ಕೈಯಲ್ಲಲ್ಲ. ಗಿರಣಿಯಲ್ಲಿಯೂ ಹೀಗೆಯೇ ಆಗಿತ್ತು: ಕಿವಿ ಹಮಾಲಿಯದು, ಯಂತ್ರದ ಗುಂಡಿ ಬೇರೆಯವರದು. ಕಿವಿಗೆ ಇಡುವ ಮೆತ್ತನೆಯ ಬಿರಡೆಗಳು ಕೆಲವೇ ರೂಪಾಯಿಗಳಿಗೆ ಸಿಗುತ್ತವೆ. ಅವು ಮೊದಲೇ ಸಿಕ್ಕಿದ್ದರೆ ಈ ಪೆಟ್ಟಿಗೆಯೇ ಬೇಕಾಗುತ್ತಿರಲಿಲ್ಲ. ನಮ್ಮಲ್ಲಿ ಗಿರಣಿ, ಜಲ್ಲಿಯಂತ್ರ, ಗಣಿಗಳಲ್ಲಿ ದುಡಿಯುವವರ ಮಕ್ಕಳು ಬಹುಮಂದಿ ಇದ್ದಾರೆ. ಅವರು ಈ ಒಂದು ಮಾತನ್ನು ಮನೆಗೆ ಒಯ್ದರೆ ನಾನು ಇಷ್ಟು ಬರೆದದ್ದು ಸಾರ್ಥಕ.

ಮನೆಯಲ್ಲಿ ಮೊದಲು ಪದವಿ ಪಡೆಯುವವನ ಮಾತಿಗೆ ಒಂದು ವಿಚಿತ್ರವಾದ ಬಲ ಬರುತ್ತದೆ. ನಿನ್ನೆಯವರೆಗೆ ಯಾರೂ ಕೇಳದ ಹುಡುಗನನ್ನು ಇಂದು ಅರ್ಜಿ ಬರೆಯಲು ಕರೆಯುತ್ತಾರೆ, ಪಂಚಾಯಿತಿಯಲ್ಲಿ ಎದುರಿಗೆ ಕೂರಿಸುತ್ತಾರೆ, ಹಿರಿಯರು ಮಾತು ನಿಲ್ಲಿಸಿ ಅವನ ಮುಖ ನೋಡುತ್ತಾರೆ. ದನಿ ಅದೇ, 20 ಪಟ್ಟಾಗಿದೆ. ಈ ವರ್ಷ ನಾವು ಕೆಲವರು ಆ ಬಲವನ್ನು ಹೊತ್ತು ಕಾಲೇಜಿನ ಬಾಗಿಲು ದಾಟುತ್ತೇವೆ. ಬಲ ಬಂದಾಗ ಎಷ್ಟು ಮಾತನಾಡಬೇಕು, ಯಾವಾಗ ತಗ್ಗಬೇಕು ಎಂಬುದನ್ನು ಯಾವ ಪಠ್ಯದಲ್ಲಿಯೂ ಇಟ್ಟಿಲ್ಲ. ತಿರುಗುಣಿಯನ್ನು ಕೇಳುವವರ ಕೈಗೆ ಎಟಕುವಲ್ಲಿ ಇಟ್ಟುಕೊಂಡರೆ ನಮಗೂ ಅವರಿಗೂ ಕ್ಷೇಮವೆಂದು ನಾನು ತಿಳಿದಿದ್ದೇನೆ.